ಬಣ್ಣ ಬಿಡಿ, ಸೊಂಟ ನೋಡಿ

ಕೇಳುಗರಿಗೆ ನಮಸ್ಕಾರ.

ನಮ್ಮ ಹಿತ್ತಿಲ ಕಿಟಕಿಯ ಚೌಕಟ್ಟಿಗೆ, ಮಳೆ ಸ್ವಲ್ಪ ಬಿಡುವು ಕೊಟ್ಟ ದಿನಗಳಲ್ಲಿ, ಒಂದು ಕಣಜ ಬರುತ್ತದೆ. ಬಾಯಲ್ಲಿ ಬಟಾಣಿಗಿಂತ ಚಿಕ್ಕದಾದ ಹಸಿಮಣ್ಣಿನ ಉಂಡೆ. ಆ ಉಂಡೆಯನ್ನು ದವಡೆಯಿಂದಲೂ ಮುಂಗಾಲಿನಿಂದಲೂ ಒತ್ತಿ, ಎಳೆದು, ಪಟ್ಟಿ ಮಾಡಿ ಅಂಚಿಗೆ ಸೇರಿಸುತ್ತದೆ. ಮತ್ತೆ ಹಾರುತ್ತದೆ, ಮತ್ತೆ ತರುತ್ತದೆ. ನೋಡನೋಡುತ್ತ ಅಲ್ಲೊಂದು ಪುಟ್ಟ ಗಡಿಗೆ ಎದ್ದು ನಿಲ್ಲುತ್ತದೆ. ಹೊಟ್ಟೆ ದುಂಡಗೆ, ಕುತ್ತಿಗೆ ಸಣ್ಣಗೆ, ಬಾಯಿಯ ಅಂಚು ಹೊರಕ್ಕೆ ಬಾಗಿದ್ದು. ಚಕ್ರವಿಲ್ಲದೆ ಮಾಡಿದ ಗಡಿಗೆ ಅದು. ಅದಕ್ಕೇ ಇದನ್ನು ಕುಂಬಾರ ಕಣಜ ಎನ್ನುತ್ತೇವೆ.

ಗಡಿಗೆ ಮುಗಿದ ಮೇಲೆ ಒಳಗೆ ಮೇಲ್ಭಾಗದಿಂದ ಒಂದು ನೂಲಿನ ಎಳೆಯಲ್ಲಿ ಮೊಟ್ಟೆಯನ್ನು ತೂಗುಬಿಡುತ್ತದೆ. ಆಮೇಲೆ ಕುಟುಕಿ ನಿಶ್ಚಲಗೊಳಿಸಿದ ಕಂಬಳಿಹುಳುವಿನಂಥ ಮರಿಹುಳುಗಳನ್ನು ಒಂದೊಂದಾಗಿ ತಂದು ತುಂಬಿ ಬಾಯಿ ಮುಚ್ಚುತ್ತದೆ. ಕೆಲವು ವಾರಗಳ ನಂತರ ಅಲ್ಲಿಂದ ಹೊರಬರುವುದು ಕಣಜ. ಹುಳು ಒಳಹೋಯಿತು, ಕಣಜ ಹೊರಬಂತು. ಇದನ್ನು ಕಂಡೇ ಹಿರಿಯರು, ಕಣಜವು ಹುಳುವನ್ನು ಕುಟುಕಿ ಕುಟುಕಿ ತನ್ನಂತೆ ಮಾಡಿಕೊಳ್ಳುತ್ತದೆ ಎಂದರು. ವಚನಗಳಲ್ಲಿ ಬರುವ ಕುಂಡಲಿಗ ಇದೇ ಬಗೆಯ ಹುಳು. ಅವರ ಕಣ್ಣಿಗೆ ಬೀಳದೆ ಹೋದದ್ದು ಆ ಮೊಟ್ಟೆ ಒಂದೇ.

ಕುಂಬಾರ ಕಣಜ ಎನ್ನುವುದು ಒಂದು ಜಾತಿಯ ಹೆಸರಲ್ಲ. ಪ್ರಪಂಚದಲ್ಲಿ ಈ ಬಳಗದ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಗಡಿಗೆ ಮಾಡುವವೂ ಇವೆ, ಮಾಡದವೂ ಇವೆ. ಹಾಗಾದರೆ ಕಣ್ಣ ಮುಂದಿರುವುದು ಯಾವುದೆಂದು ಹೇಗೆ ಹೇಳುವುದು? ನಮ್ಮಲ್ಲಿ ಬಹಳ ಮಂದಿ ಬಣ್ಣದಿಂದ ಶುರುಮಾಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿ ತಪ್ಪು ಹೆಸರು ಬರೆದಿಟ್ಟಿದ್ದೇನೆ. ಒಂದೇ ಊರಿನಲ್ಲಿ ಬೇರೆ ಬೇರೆ ಕುಲದ (ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು) ಕಣಜಗಳು ಒಂದೇ ಕೆಂಗಂದು, ಒಂದೇ ಕಪ್ಪು ಪಟ್ಟಿ ಹೊತ್ತು ತಿರುಗುತ್ತವೆ. ಒಮ್ಮೆ ಕುಟುಕಿಸಿಕೊಂಡ ಹಕ್ಕಿ ಆ ಬಣ್ಣದ ಎಲ್ಲವನ್ನೂ ದೂರವಿಡುತ್ತದೆ, ಹಾಗಾಗಿ ಹೋಲಿಕೆಯಿಂದ ಎಲ್ಲರಿಗೂ ಲಾಭ. ಇನ್ನೊಂದೆಡೆ, ಒಂದೇ ಪ್ರಭೇದ ಬೇರೆ ಸೀಮೆಯಲ್ಲಿ ಬೇರೆ ಬಣ್ಣ ತಾಳುವುದೂ ಉಂಟು.

ಮೊದಲು ರೆಕ್ಕೆ ನೋಡಿ. ಕುಂಬಾರ ಕಣಜ ಕೂತಾಗ ಮುಂದಿನ ರೆಕ್ಕೆಯನ್ನು ಉದ್ದುದ್ದಕ್ಕೆ ಮಡಚಿಕೊಳ್ಳುತ್ತದೆ, ಅಂಗವಸ್ತ್ರ ಮಡಚಿದ ಹಾಗೆ. ಮೇಲಿನಿಂದ ನೋಡಿದರೆ ರೆಕ್ಕೆ ಸಪೂರ ಪಟ್ಟಿಯಂತೆ ಕಾಣುತ್ತದೆ. ಗೋಡೆಗೆ ಮಣ್ಣು ಮೆತ್ತುವ ಇನ್ನೊಂದು ಕಣಜವಿದೆ, ಸ್ಕೆಲಿಫ್ರಾನ್. ಅದರದು ಮಡಚದ ಚಪ್ಪಟೆ ರೆಕ್ಕೆ. ಸೊಂಟವಂತೂ ತಂತಿ. ಒಂದೇ ದಪ್ಪದ ತಂತಿ ಸಾಗಿ ಸಾಗಿ ತಟ್ಟನೆ ಹೊಟ್ಟೆಯಾಗುತ್ತದೆ. ಅದರ ಹಳೆಯ ಮಣ್ಣುಗೂಡೊಂದನ್ನು ಒಡೆದು ನೋಡಿದಾಗ ಒಳಗಿದ್ದದ್ದು ಹಸಿರು ಹುಳುಗಳಲ್ಲ, ಒಣಗಿದ ಜೇಡಗಳು. ಅಂದಿನಿಂದ ಮಣ್ಣು ಕಂಡ ಕೂಡಲೇ ಕುಂಬಾರ ಎನ್ನುವುದನ್ನು ಬಿಟ್ಟೆ.

ರೆಕ್ಕೆ ಮಡಚುವ ಇನ್ನೊಂದು ಗುಂಪು ಕಾಗದದ ಗೂಡಿನ ಕಣಜಗಳದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯ ಮಾರ್ಜಿನೇಟ ಆ ಗುಂಪಿನದು. ಅದಕ್ಕೂ ಸಣ್ಣ ಸೊಂಟವಿದೆ, ಹೂವಿನ ಮೇಲೆ ಒಂಟಿಯಾಗಿ ಕೂತರೆ ಯಾರಾದರೂ ಮೋಸಹೋಗಬಹುದು. ಆಗ ಮುಖಕ್ಕೆ ಬನ್ನಿ. ಕುಂಬಾರ ಕಣಜದ ದವಡೆಗಳು ಚೂರಿಯಂತೆ ಉದ್ದ. ಅನೇಕ ಜಾತಿಗಳಲ್ಲಿ ಮುಚ್ಚಿದಾಗ ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತವೆ. ಕಾಗದದ ಕಣಜದ ದವಡೆ ಗಿಡ್ಡ, ಅಗಲ. ಭೂತಗನ್ನಡಿ ಇದ್ದರೆ ಕಾಲಿನ ತುದಿ ನೋಡಿ: ಕುಂಬಾರನ ಉಗುರು ಒಳಮಗ್ಗುಲಲ್ಲಿ ಕವಲೊಡೆದಿರುತ್ತದೆ, ಇನ್ನೊಂದರದು ಬರೀ ಕೊಕ್ಕೆ. ಕಿಟಕಿಯ ಬುಡದಲ್ಲಿ ಸತ್ತು ಬಿದ್ದ ಕಣಜ ಸಿಕ್ಕರೆ ಗುಡಿಸಿ ಎಸೆಯಬೇಡಿ, ಬೆಂಕಿಪೊಟ್ಟಣದಲ್ಲಿಡಿ. ಆ ಉಗುರನ್ನು ನಾನು ಕಂಡದ್ದು ಹಾಗೆ ಸಿಕ್ಕ ಒಂದರಲ್ಲೇ.

ಇನ್ನು ಸೊಂಟ. ನನಗೆ ಬಲು ಪ್ರಿಯವಾದ ಭಾಗ ಇದು. ಹೊಟ್ಟೆಯ ಮೊದಲ ಖಂಡವೇ ಹಣ್ಣಿನ ತೊಟ್ಟಿನಂತೆ ನೀಳವಾಗಿ, ಹಿಂದಕ್ಕೆ ಹೋದಂತೆ ನಿಧಾನವಾಗಿ ಅಗಲವಾದರೆ ಅದು ಡೆಲ್ಟಾ ಅಥವಾ ಯೂಮಿನೀಸ್ ಎಂಬ ಕುಲಗಳ ಕಡೆಯದು. ತೊಟ್ಟು ಎದೆಯಷ್ಟೇ ಉದ್ದ ಅಥವಾ ಅದಕ್ಕೂ ಉದ್ದವಾಗಿದ್ದರೆ ಸಾಮಾನ್ಯವಾಗಿ ಡೆಲ್ಟಾ. ಎದೆಗಿಂತ ಗಿಡ್ಡವಾಗಿ, ಹಿಂತುದಿ ಗಂಟೆಯಂತೆ ಅರಳಿದ್ದರೆ ಯೂಮಿನೀಸ್. ಡೆಲ್ಟಾ ಪೈರಿಫಾರ್ಮೆ ಎಂಬ ದೊಡ್ಡ ಕಣಜಕ್ಕೆ 1775ರಲ್ಲಿ ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಹೆಸರಿಟ್ಟ. ಪೈರಿಫಾರ್ಮೆ ಎಂದರೆ ಪಿಯರ್ ಹಣ್ಣಿನ ಆಕಾರದ್ದು. ಕಪ್ಪು ಮೈಗೆ ಹಳದಿ ಬಳಿದ ಫಿಮಿನೀಸ್ ಫ್ಲಾವೊಪಿಕ್ಟಸ್‌ಗೂ ನೀಳ ತೊಟ್ಟೇ. ಅದರ ಹೆಸರಿನ ಅರ್ಥವೇ ಹಳದಿ ಬಣ್ಣ ಬಳಿದದ್ದು.

ತೊಟ್ಟೇ ಇಲ್ಲದ ಕುಂಬಾರ ಕಣಜಗಳೂ ಇವೆ. ಹೊಟ್ಟೆಯ ಮೊದಲ ಖಂಡ ಎರಡನೆಯದರಷ್ಟೇ ಅಗಲವಾಗಿರುವುದರಿಂದ ದಪ್ಪಗೆ, ಗಟ್ಟಿಮುಟ್ಟಾಗಿ ಕಾಣುತ್ತವೆ. ಬಾಗಿಲ ಬೀಗದ ಕಿಂಡಿಗೆ, ಬಿದಿರ ತುಂಡಿಗೆ ಮಣ್ಣು ತುಂಬಿ ಮನೆಯವರ ತಾಳ್ಮೆ ಪರೀಕ್ಷಿಸುವ ರಿಂಕಿಯಮ್ ಬ್ರುನ್ನಿಯಮ್ ಈ ಪಂಗಡದ್ದು. ಮೈ ಕೆಂಗಂದು, ಹೊಟ್ಟೆಗೊಂದು ಕಪ್ಪು ಪಟ್ಟಿ. ಗಡಿಗೆ ಮಾಡುವುದಿಲ್ಲ, ಸಿಕ್ಕ ತೂತನ್ನೇ ಮಣ್ಣಿನ ಗೋಡೆ ಹಾಕಿ ಕೋಣೆಗಳಾಗಿಸುತ್ತದೆ. ಇವುಗಳೊಳಗೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಕಷ್ಟ. ರೆಕ್ಕೆಯ ಬುಡ ಮುಚ್ಚುವ ಪುಟ್ಟ ಚಿಪ್ಪಿನ ಆಕಾರ, ಹೊಟ್ಟೆಯ ಮೊದಲ ಖಂಡಕ್ಕೆ ಅಡ್ಡಲಾಗಿ ಏಣು ಇದೆಯೇ, ಮೈಮೇಲಿನ ಚುಕ್ಕೆಗುಳಿಗಳು ಒತ್ತಾಗಿವೆಯೇ ಎಂದೆಲ್ಲ ನೋಡಬೇಕಾಗುತ್ತದೆ. ಫೋಟೊ ನೋಡಿ ಪ್ರಭೇದದ ಹೆಸರು ಹೇಳೆಂದು ಯಾರಾದರೂ ಕೇಳಿದರೆ ನಾನು ಕುಲದ ಹೆಸರಿಗೇ ನಿಲ್ಲುತ್ತೇನೆ.

ಗಂಡು ಹೆಣ್ಣು ತಿಳಿಯದಿದ್ದರೂ ದಾರಿ ತಪ್ಪುತ್ತದೆ. ಹೆಣ್ಣಿನ ಕುಡಿಮೀಸೆಯಲ್ಲಿ 12 ಗೆಣ್ಣು, ಗಂಡಿನದರಲ್ಲಿ 13. ಅನೇಕ ಕುಲಗಳಲ್ಲಿ ಗಂಡಿನ ಮೀಸೆಯ ತುದಿ ಕೊಕ್ಕೆಯಂತೆ ಬಾಗಿರುತ್ತದೆ, ಮುಖದ ಮುಂಭಾಗವೂ ಹೆಚ್ಚು ಹಳದಿಯಾಗಿರುತ್ತದೆ. ಇದನ್ನು ಅರಿಯದೆ ಗಂಡ ಹೆಂಡತಿಗೆ ಎರಡು ಪ್ರಭೇದದ ಹೆಸರು ಕೊಟ್ಟುಬಿಡುವುದು ಸುಲಭ. ಕುಟುಕುವುದು ಹೆಣ್ಣು ಮಾತ್ರ, ಅದೂ ಹಿಡಿದು ಒತ್ತಿದರೆ. ಆದ್ದರಿಂದ ಹತ್ತಿರ ಕೂತು ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆಯುವವರು ಬೆನ್ನಿನ ಒಂದೇ ಚಿತ್ರಕ್ಕೆ ನಿಲ್ಲಿಸಬೇಡಿ. ತೊಟ್ಟು ಕಾಣಬೇಕಾದರೆ ಪಕ್ಕದಿಂದ ತೆಗೆಯಬೇಕು, ದವಡೆ ಕಾಣಬೇಕಾದರೆ ಎದುರಿನಿಂದ.

ಗಡಿಗೆಯಿಂದ ಹೊರಬಂದದ್ದರ ಮೇಲೆ ಗಡಿಗೆ ಮಾಡಿದವರ ಹೆಸರು ಹೇಳುವಾಗಲೂ ಜೋಕೆ. ಒಂದು ವರ್ಷ ನಮ್ಮ ಕಿಟಕಿಯ ಗಡಿಗೆಗೆ ಗಾಜಿನ ಲೋಟ ಬೋರಲು ಹಾಕಿ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಪಕ್ಕದ ಗೋಡೆ ತೂತಾಗಿತ್ತು. ಲೋಟದೊಳಗೆ ಇದ್ದದ್ದು ಕೆಂಗಂದು ಕಣಜವಲ್ಲ. ನವಿಲ ಕುತ್ತಿಗೆಯಂತೆ ಹಸಿರು ನೀಲಿ ಮಿಂಚುವ ಹುಳು. ಮೈಯೆಲ್ಲ ಗುಳಿಗುಳಿ. ಲೋಟ ತಟ್ಟಿದೊಡನೆ ಉಂಡೆಯಾಗಿ ಸುರುಳಿಕೊಂಡಿತು. ಅದು ಸ್ಟಿಲ್ಬಮ್, ಕೋಗಿಲೆ ಕಣಜ. ಕುಂಬಾರ ಕಣಜ ಕಟ್ಟಿ ಮುಚ್ಚಿದ ಗಡಿಗೆಗೆ ತೂತು ಮಾಡಿ ತನ್ನ ಮೊಟ್ಟೆ ಸೇರಿಸುವ ಜಾತಿ. ಒಳಗೆ ಬೆಳೆದಿದ್ದ ಕುಂಬಾರನ ಮರಿಯನ್ನು ತಿಂದು ಅದು ಬೆಳೆದಿತ್ತು. ಲೋಟ ಎತ್ತಿದೆ. ಸ್ವಲ್ಪ ಹೊತ್ತು ಹಾಗೇ ಉಂಡೆಯಾಗಿದ್ದು, ಕಾಲು ಬಿಚ್ಚಿ, ಬಿಸಿಲಿಗೆ ಹಾರಿಹೋಯಿತು.

ನಮಸ್ಕಾರ.