ಹಳೆ ಪಿಸ್ಟನ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿರುವ ಈ ಪಿಸ್ಟನ್ ಸ್ವಲ್ಪ ಹತ್ತಿರದಿಂದ ನೋಡಿ. ಸೈಲೆನ್ಸರ್ ಕಡೆಗಿದ್ದ ಮೈ ತುಂಬಾ ಗೀರು. ಆ ಕಡೆ ರಿಂಗು ಅಲ್ಯುಮಿನಿಯಂ ಒಳಗೆ ಹೂತು ಹೋಗಿದೆ. ಈಗ ತಿರುಗಿಸುತ್ತೇನೆ. ಪೆಟ್ರೋಲು ಒಳಬರುವ ಕಾರ್ಬೊರೇಟರ್ ಕಡೆ ಹೆಚ್ಚುಕಮ್ಮಿ ಹೊಸದರ ಹಾಗೇ ಇದೆ, ಅಲ್ವಾ?

ಇದು ನಮ್ಮ ಕಾಕಾನ ಪವರ್ ಸ್ಪ್ರೇಯರ್‌ದು. ಬೆನ್ನಿಗೆ ಹಾಕಿಕೊಳ್ಳುವ ಪಂಪು, ಸಣ್ಣ ಟೂ ಸ್ಟ್ರೋಕ್ ಎಂಜಿನ್. ಆಳಂದ ತಾಲ್ಲೂಕಿನ ನಮ್ಮ ಊರಲ್ಲಿ ತೊಗರಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ಇದರಲ್ಲೇ. ತೊಗರಿ ಹೂವಿಗೆ ಬಂದಾಗ ಒಂದು ಸಲ ಜಾಮ್ ಆಯಿತು. ಕಲಬುರಗಿಗೆ ತಂದು ಒಂದು ಅಂಗಡಿಗೆ ಕೊಟ್ಟೆವು. ಸಂಜೆಯೊಳಗೆ ಹೊಸ ಪಿಸ್ಟನ್, ಹೊಸ ರಿಂಗು ಹಾಕಿ ಕೊಟ್ಟರು. ಹಗ್ಗ ಎಳೆದರೆ ಒಂದೇ ಸಲಕ್ಕೆ ಶುರು. ಎಂಟನೇ ದಿನ ಕಾಕಾನ ಫೋನ್ ಬಂತು. "ತಮ್ಮಾ, ಪಂಪು ಮತ್ತ ಜಾಮ್ ಆಗ್ಯಾದ. ಕಾಯಿಗಿ ಹುಳ ಬಿದ್ದಾವ." ಕಾಯಿಕೊರಕ ಒಳಗೆ ಹೊಕ್ಕು ಕಾಳು ತಿನ್ನುತ್ತಿರುವಾಗ ಒಂದೊಂದು ದಿನವೂ ರೈತನಿಗೆ ನಷ್ಟ.

ಎರಡನೇ ಸಲ ನಾನೇ ಮನೆಯಲ್ಲಿ ಬಿಚ್ಚಿದೆ. ಅವತ್ತಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪಿಸ್ಟನ್ ಯಾಕೆ ಹೋಯಿತು ಅಂತ ಗೊತ್ತಾಗದೆ ಹೊಸ ಪಿಸ್ಟನ್ ಹಾಕಲೇಬಾರದು.

ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಚೇಂಬರ್ ಇಲ್ಲ. ಪೆಟ್ರೋಲಿನಲ್ಲಿ ಕಲೆಸಿದ ಆಯಿಲ್ಲೇ ಎಲ್ಲಾ. ಗಾಳಿ, ಪೆಟ್ರೋಲು, ಆಯಿಲ್ ಮೂರೂ ಮೊದಲು ಹೋಗುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಇರುವ ಜಾಗಕ್ಕೆ. ಪಿಸ್ಟನ್ ಕೆಳಗಿಳಿಯುತ್ತಾ ಅದನ್ನು ಒತ್ತಿ, ಪಕ್ಕದ ದಾರಿಯಿಂದ ಮೇಲಕ್ಕೆ ಕಳಿಸುತ್ತದೆ. ಹಾಗಾಗಿ ಆ ಜಾಗದಲ್ಲಿ ಸೂಜಿಯಷ್ಟೂ ತೂತು ಇರಬಾರದು. ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರಿನ ಆಯಿಲ್ ಸೀಲ್ ಇರುವುದು ಅದಕ್ಕೇ. ಸೀಲ್ ಗಟ್ಟಿಯಾಗಿ ಸೀಳಿದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಜಾಸ್ತಿ, ಪೆಟ್ರೋಲು ಕಡಿಮೆ, ಅದರ ಜೊತೆ ಆಯಿಲ್ಲೂ ಕಡಿಮೆ. ಎಂಜಿನ್ ಮಿತಿಮೀರಿ ಕಾಯುತ್ತದೆ, ಪಿಸ್ಟನ್ ಉಬ್ಬುತ್ತದೆ. ಎಲ್ಲಕ್ಕಿಂತ ಬಿಸಿ ಇರುವ ಸೈಲೆನ್ಸರ್ ಕಡೆಯೇ ಮೊದಲು ಕಚ್ಚುತ್ತದೆ. ಈ ಪಿಸ್ಟನ್ ಮೇಲೆ ಇರುವುದು ಅದೇ ಗುರುತು. ಆಯಿಲ್ಲೇ ಇಲ್ಲದೆ ಓಡಿದ್ದರೆ ಎರಡೂ ಕಡೆ ಗೀರು ಬೀಳುತ್ತಿತ್ತು. ನಮ್ಮ ಎರೆ ಮಣ್ಣಿನ ಧೂಳು ಫಿಲ್ಟರ್ ದಾಟಿ ಹೋಗಿದ್ದರೆ ಕಾರ್ಬೊರೇಟರ್ ಕಡೆ ಸವೆದು ಮಂಕಾಗುತ್ತಿತ್ತು.

ಸೀಲ್ ಸೋರುತ್ತಿದೆಯಾ ಅಂತ ನೋಡಲು ದೊಡ್ಡ ಮಷಿನ್ ಬೇಕಿಲ್ಲ. ಬಿ.ಪಿ. ನೋಡುವ ಹಳೆ ಮೀಟರ್ ಸಾಕು, ಮುಳ್ಳು ಇರುವಂಥದ್ದು. ಹಳೆ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿ ಒಡೆದು ತೆಗೆಯಿರಿ. ಆ ತೂತಿಗೆ ಮೀಟರಿನ ಪೈಪು ಸೇರಿಸಿ ಎಂ-ಸೀಲ್ ಹಾಕಿ. ಆ ಪ್ಲಗ್ಗನ್ನು ಎಂಜಿನ್ನಿಗೆ ಹಾಕಿ ಬಿಗಿ ಮಾಡಿ. ಕಾರ್ಬೊರೇಟರ್, ಸೈಲೆನ್ಸರ್ ಬಿಚ್ಚಿ, ಸೈಕಲ್ ಟ್ಯೂಬಿನ ತುಂಡು ಇಟ್ಟು ಎರಡೂ ಬಾಯಿ ಬಿಗಿಯಾಗಿ ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಆಗ ಪ್ಲಗ್ ತೂತಿನಿಂದ ಬಿಟ್ಟ ಗಾಳಿ ಕ್ರ್ಯಾಂಕಿನವರೆಗೂ ಹೋಗುತ್ತದೆ. ಈಗ ಬಲೂನು ಒತ್ತಿ ಮುಳ್ಳನ್ನು 300ಕ್ಕೆ ತನ್ನಿ. ಅಂದರೆ ಸುಮಾರು 6 ಪಿಎಸ್‌ಐ. ಬೈಕ್ ಟೈರಿಗೆ ಹಾಕಿಸುವ ಗಾಳಿಯ ಕಾಲು ಭಾಗದಷ್ಟು. ಅದಕ್ಕಿಂತ ಜಾಸ್ತಿ ಒತ್ತಬೇಡಿ, ಒಳ್ಳೆ ಸೀಲ್ ಕೂಡ ಹಾಳಾಗುತ್ತದೆ.

ಮುಳ್ಳು ಐದಾರು ನಿಮಿಷ ಅಲ್ಲೇ ನಿಲ್ಲಬೇಕು. ನಮ್ಮದು ಕಣ್ಣೆದುರೇ ಇಳಿಯಿತು. ಸಾಬೂನು ನೀರು ಸವರಿದೆ. ಕ್ರ್ಯಾಂಕಿನ ಒಂದು ತುದಿಗಿರುವ ಮ್ಯಾಗ್ನೆಟ್ ಚಕ್ರದ ಹಿಂದಿನಿಂದ ಬುಳುಬುಳು ಗುಳ್ಳೆ ಬಂತು. ಪಕ್ಕದಲ್ಲಿ ಕೂತಿದ್ದ ಕಾಕಾ "ಇಷ್ಟೇ ಏನು?" ಅಂದ. ಹೌದು, ಇಷ್ಟೇ. ಎರಡು ಪಿಸ್ಟನ್ ತಿಂದದ್ದು ಒಂದು ಉಂಗುರದಷ್ಟು ರಬ್ಬರ್.

ಮೊದಲ ಸಲ ಅದು ಯಾಕೆ ಕಣ್ಣಿಗೆ ಬೀಳಲಿಲ್ಲ? ಆ ಸೀಲ್ ನೋಡಬೇಕಾದರೆ ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆಯಬೇಕು. ಪಿಸ್ಟನ್ ಹಾಕಲು ಅದು ಬೇಕಾಗಿಲ್ಲ. ನಾನು ಮೆಕ್ಯಾನಿಕ್‌ಗಳನ್ನು ದೂರುತ್ತಿಲ್ಲ. ಬಾಗಿಲಲ್ಲಿ ನಾಲ್ಕು ಜನ ಕಾಯುತ್ತಿರುವಾಗ ಮುಳ್ಳು ನೋಡುತ್ತಾ ಆರು ನಿಮಿಷ ಯಾರು ಕೂರುತ್ತಾರೆ? ಇನ್ನೊಂದು ಮಾತು. ಯಮಹಾದ ಟೂ ಸ್ಟ್ರೋಕ್ ಬೈಕ್ ಆರ್‌ಎಕ್ಸ್ 100 ತಯಾರಿ ನಿಂತಿದ್ದು 1996ರಲ್ಲಿ. ಟೂ ಸ್ಟ್ರೋಕ್ ಬೈಕ್ ಬಿಚ್ಚಿ ಕೈ ಪಳಗಿದವರಿಗೆ ಈಗ ವಯಸ್ಸಾಗಿದೆ. ಹೊಸ ಹುಡುಗರು ಕಲಿತದ್ದು ಫೋರ್ ಸ್ಟ್ರೋಕ್. ರಸ್ತೆಯಿಂದ ಹೋದ ಎಂಜಿನ್ ಹೊಲದಲ್ಲಿ ಇನ್ನೂ ಇದೆ. ಅದನ್ನು ಬಲ್ಲವರು ಊರಿಗೊಬ್ಬರಾದರೂ ಇರಬೇಕು ಅನ್ನುವುದು ನನ್ನ ಆಸೆ.

ಜೋಡಿಸುವ ಕೆಲಸ ಅಷ್ಟು ಕಷ್ಟವಲ್ಲ. ಪಿಸ್ಟನ್ ತಲೆಯ ಮೇಲೆ ಬಾಣದ ಗುರುತಿದ್ದರೆ ಅದು ಸೈಲೆನ್ಸರ್ ಕಡೆ ಇರಲಿ. ರಿಂಗಿನ ಎರಡು ತುದಿ ಪಿಸ್ಟನ್ ಮೇಲಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಪಿಸ್ಟನ್ ಅನ್ನು ರಾಡಿಗೆ ಸೇರಿಸುವ ದೊಡ್ಡ ಪಿನ್ನಿನ ಲಾಕ್ ಮಾತ್ರ ಹಳೆಯದು ಹಾಕಲೇಬೇಡಿ. ಸಿಲಿಂಡರ್ ಒಳಗೆ ಕ್ರೋಮ್ ಲೇಪ ಇದ್ದರೆ ಒಳಗೆ ಕೊರೆದು ಬೋರ್ ಮಾಡಿಸಲು ಬರುವುದಿಲ್ಲ. ಅಂಟಿದ ಅಲ್ಯುಮಿನಿಯಂ ಅನ್ನು ನಯವಾದ ಎಮರಿ ಪೇಪರ್‌ನಿಂದ ನಿಧಾನಕ್ಕೆ ತೆಗೆಯಿರಿ. ಲೇಪವೇ ಕಿತ್ತಿದ್ದರೆ ಸಿಲಿಂಡರ್ ಬದಲಿಸಲೇಬೇಕು. ಕ್ರ್ಯಾಂಕ್ ಬೇರಿಂಗ್ ಹೋಗಿದ್ದರೆ ಸುತ್ತಿಗೆ ಎತ್ತಬೇಡಿ, ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ ಮಷಿನ್ ಇರುವವರ ಹತ್ತಿರ ಒಯ್ಯಿರಿ.

ಆಯಿಲ್ ವಿಷಯದಲ್ಲಿ ಸುಮ್ನೆ ಅಂದಾಜು ಬೇಡ. 25ಕ್ಕೆ 1 ಅಂತ ಬರೆದಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿಲಿ ಆಯಿಲ್. 50ಕ್ಕೆ 1 ಅಂದರೆ 20. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಕಾಕಾನೂ ನಂಬಿದ್ದ. ಜಾಸ್ತಿಯಾದರೆ ಮಸಿ ಕಟ್ಟಿ ಸೈಲೆನ್ಸರ್ ಮುಚ್ಚುತ್ತದೆ. ಟ್ರ್ಯಾಕ್ಟರ್ ಆಯಿಲ್ ಅಂತೂ ಬೇಡವೇ ಬೇಡ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಹೀರುತ್ತದೆ, ಹಳೆ ರಬ್ಬರ್ ಕೆಡಿಸುತ್ತದೆ.

ಸೀಲ್ ಹಾಕಿದ ಮೇಲೆ ಮುಳ್ಳು 300ರಲ್ಲೇ ನಿಂತಿತು. ಆಮೇಲೆ ಪಿಸ್ಟನ್ ಹಾಕಿದ್ದು. ಒಂದು ಪೂರ್ತಿ ಹಂಗಾಮು ಓಡಿದೆ. ಹೋದ ವಾರ ಊರಿಗೆ ಹೋದಾಗ ಸೈಲೆನ್ಸರ್ ಬಿಚ್ಚಿ, ಆ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದೆವು. ಪಿಸ್ಟನ್ ಮೈ ನುಣ್ಣಗಿದೆ, ಒಂದು ಗೀರೂ ಇಲ್ಲ. ಕಾಕಾ ಟಾರ್ಚ್ ಇಸ್ಕೊಂಡು ಇನ್ನೊಂದು ಸಲ ನೋಡಿದ.