ಮರಿಗಳು ಆಡೋದು ಯಾಕೆ?

[ದೃಶ್ಯ: ಬೀದಿ ಬದಿಯಲ್ಲಿ ಎರಡು ನಾಯಿಮರಿ]

ಈ ಮರಿಗಳನ್ನ ನೋಡಿ. ಒಂದು ಇನ್ನೊಂದರ ಕಿವಿ ಹಿಡಿದು ಜಗ್ಗುತ್ತಿದೆ, ಗುರ್ರ್ ಅನ್ನುತ್ತಿದೆ, ಮೇಲೆ ಬಿದ್ದು ಕುತ್ತಿಗೆಗೇ ಬಾಯಿ ಹಾಕ್ತಿದೆ. ಜಗಳ ಅನ್ನಿಸುತ್ತೆ, ಅಲ್ವಾ? ಇದನ್ನೇ ಈಗ ನಿಧಾನವಾಗಿ ನೋಡೋಣ.

[ಸ್ಲೋ ಮೋಷನ್]

ಇಲ್ಲಿ! ಮುಂಗಾಲು ಚಾಚಿ ಎದೆಯನ್ನ ನೆಲಕ್ಕೆ ತಗ್ಗಿಸಿತು, ಹಿಂಭಾಗ ಮಾತ್ರ ಮೇಲೆ. "ಇದು ಆಟ ಕಣೋ" ಅನ್ನೋ ಸೂಚನೆ ಇದು. ತೋಳದ ಮರಿಗಳೂ ಹೀಗೇ ಬಾಗ್ತವೆ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡೋ ಅಮೆರಿಕದ ವಿಜ್ಞಾನಿ ಮಾರ್ಕ್ ಬೆಕಾಫ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೊಗಸಾದ ಸಂಗತಿ ಇದೆ. ಮರಿಗಳು ಆಟದ ಶುರುವಲ್ಲಷ್ಟೇ ಬಾಗೋದಿಲ್ಲ. ಕಚ್ಚಿ ತಲೆ ಕೊಡವುವ ಹೊತ್ತಿಗೆ ಸ್ವಲ್ಪ ಮುಂಚೆ, ಇಲ್ಲವೇ ಅದಾದ ಕೂಡಲೇ ಮತ್ತೆ ಬಾಗ್ತವೆ. ಎದುರಿನವನು ತಪ್ಪು ತಿಳಿಯೋ ಸಾಧ್ಯತೆ ಎಲ್ಲಿ ಹೆಚ್ಚೋ ಅಲ್ಲೇ ಸೂಚನೆ!

ಇಲಿಮರಿಗಳಲ್ಲಿ ಆಟಕ್ಕೂ ಜಗಳಕ್ಕೂ ಗುರಿಯೇ ಬೇರೆ. ಆಟದಲ್ಲಿ ಹೆಗ್ಗತ್ತಿಗೆ ಮೂಗು ತಾಗಿಸಿದರೆ ಗೆದ್ದ ಹಾಗೆ. ನಿಜವಾದ ಕಾದಾಟದಲ್ಲಿ ಹಲ್ಲು ಬೀಳೋದು ಹೆಚ್ಚಾಗಿ ಬೆನ್ನಿನ ಹಿಂಭಾಗಕ್ಕೆ. ಆಡುವಾಗ ಅವು ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಚಿಲಿಪಿಲಿ ಅಂತವೆ. ನಮ್ಮ ಕಿವಿಗೆ ಅದು ಕೇಳೋದೇ ಇಲ್ಲ. ಯಾಕ್ ಪ್ಯಾಂಕ್‌ಸೆಪ್ ಅನ್ನೋ ವಿಜ್ಞಾನಿ ಕಚಗುಳಿ ಇಟ್ಟಾಗಲೂ ಅದೇ ಸದ್ದು ಬಂತು.

[ದೃಶ್ಯ: ಬಂಡೆ ಮೇಲೆ ಆಡಿನ ಮರಿ]

ಸರಿ, ಇಷ್ಟೆಲ್ಲ ಯಾಕೆ? ಮುಂದೆ ಬೇಟೆಯಾಡೋಕೆ, ಕಾದಾಡೋಕೆ ತಾಲೀಮು ಅಂತ ನಾವೆಲ್ಲ ಹೇಳ್ತೀವಿ. 1896ರಲ್ಲೇ ಜರ್ಮನಿಯ ತತ್ವಜ್ಞಾನಿ ಕಾರ್ಲ್ ಗ್ರೂಸ್ ಇದನ್ನ ಬರೆದಿದ್ದರು. ಪರೀಕ್ಷೆ ಮಾಡಿದಾಗ ಈ ವಾದ ಅಷ್ಟು ಗಟ್ಟಿ ನಿಲ್ಲಲಿಲ್ಲ. ಆಫ್ರಿಕಾದ ಕಲಹರಿ ಮರುಭೂಮಿಯ ಮೀರ್‌ಕ್ಯಾಟ್‌ಗಳನ್ನೇ (ಮುಂಗುಸಿ ಜಾತಿಯ ಪುಟ್ಟ ಪ್ರಾಣಿ) ತಗೊಳ್ಳಿ: ಚಿಕ್ಕಂದಿನಲ್ಲಿ ಹೆಚ್ಚು ಕುಸ್ತಿಯಾಡಿದವು ದೊಡ್ಡವಾದ ಮೇಲೆ ಹೆಚ್ಚು ಗೆಲ್ಲಲಿಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗೋದು 2001ರಲ್ಲಿ ಮಾರೆಕ್ ಸ್ಪಿಂಕಾ ಅನ್ನೋ ವಿಜ್ಞಾನಿ ಮತ್ತು ಸಂಗಡಿಗರು ಮುಂದಿಟ್ಟ ವಿಚಾರ. ಈ ಆಡಿನ ಮರಿ ನೋಡಿ. ನೆಟ್ಟಗೆ ಹಾರಬಹುದು, ಆದರೆ ಗಾಳಿಯಲ್ಲೇ ಸೊಂಟ ತಿರುಚಿ ಓರೆಯಾಗಿ ಇಳಿಯುತ್ತೆ, ಮುಗ್ಗರಿಸುತ್ತೆ, ಮತ್ತೆ ಹತ್ತುತ್ತೆ. ಬೇಕಂತಲೇ ಆಯ ತಪ್ಪಿ, ತಪ್ಪಿದ ಮೇಲೆ ಸುಧಾರಿಸಿಕೊಳ್ಳೋದನ್ನ ಮೈಗೂ ಮನಸ್ಸಿಗೂ ರೂಢಿ ಮಾಡಿಕೊಳ್ಳುತ್ತೆ ಅನ್ನೋದು ಅವರ ವಾದ.

ಆದರೆ ಆಟ ಪುಕ್ಕಟೆಯಲ್ಲ. ಪೆರುವಿನ ಕಡಲತೀರದಲ್ಲಿ ರಾಬರ್ಟ್ ಹಾರ್ಕೋರ್ಟ್ ಅನ್ನೋ ಸಂಶೋಧಕರು ಫರ್ ಸೀಲ್ ಅನ್ನೋ ಕಡಲಪ್ರಾಣಿಯ ಮರಿಗಳನ್ನ ಗಮನಿಸುತ್ತಿದ್ದರು. ಅವರ ಕಣ್ಣೆದುರೇ ಕಡಲಸಿಂಹಗಳಿಗೆ ಬಲಿಯಾದ 26 ಮರಿಗಳಲ್ಲಿ 22 ಆ ಹೊತ್ತಿಗೆ ಆಟದಲ್ಲಿ ಮೈಮರೆತಿದ್ದವು. ಓದುವಾಗ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಇಷ್ಟು ದುಬಾರಿಯಾದ್ದರಿಂದಲೇ ಹಸಿವು, ನೋವು, ಭಯ ಬಂದಾಗ ಮರಿಗಳು ಮೊದಲು ಬಿಡೋದು ಆಟವನ್ನೇ.

[ದೃಶ್ಯ: ಕೊಟ್ಟಿಗೆ, ಕರು]

ಹೈನುಗಾರರು ಇದನ್ನ ಗಮನಿಸಲೇಬೇಕು. ಹೊಟ್ಟೆ ತುಂಬಿದ ಕರು ಹಗ್ಗ ಬಿಚ್ಚಿದ ಕೂಡಲೇ ಬಾಲ ಎತ್ತಿಕೊಂಡು ಓಡುತ್ತೆ, ಹಿಂಗಾಲು ಝಾಡಿಸುತ್ತೆ. ಹಾಲು ಕಡಿಮೆ ಮಾಡಿದರೆ ಈ ಓಟ ತಗ್ಗುತ್ತೆ ಅಂತ ಅಧ್ಯಯನಗಳು ತೋರಿಸಿವೆ. ಮರಗಟ್ಟಿಸೋ ಇಂಜೆಕ್ಷನ್ ಕೊಡದೆ ಕೊಂಬಿನ ಮೊಳಕೆ ಸುಟ್ಟಾಗಲೂ ಅಷ್ಟೇ. ದಿನಾ ಸ್ವಲ್ಪ ಹೊತ್ತು ಕರುವನ್ನ ಬಿಚ್ಚಿಬಿಡಿ. ನೆಗೆಯುತ್ತಿದ್ದ ಕರು ಸುಮ್ಮನೆ ನಿಂತುಬಿಟ್ಟರೆ ಮೊದಲು ಹಾಲು ಸಾಕಾಗ್ತಿದೆಯಾ ನೋಡಿ. ಸಾಕಾಗ್ತಿದ್ದೂ ಹಾಗೇ ಇದ್ದರೆ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ.