ಸೇಲಂನಲ್ಲಿ 103 ಡಿಗ್ರಿ

ಎತ್ತಿನ ಗಾಡಿ ಕಂಡವರಿಗೆ ಕೀಲೆಣ್ಣೆ ಗೊತ್ತು. ಅಚ್ಚು ಒಣಗಿದರೆ ಗಾಲಿ ಕಿರುಗುಟ್ಟುತ್ತೆ, ಗಾಡಿ ಹೊಡೆಯೋನಿಗೆ ಕೂತಲ್ಲೇ ಕೇಳುತ್ತೆ, ಇಳಿದು ಎಣ್ಣೆ ಬಿಡ್ತಾನೆ. ಸುಮಾರು 150 ವ್ಯಾಗನ್‌ಗಳ ಗೂಡ್ಸ್ ರೈಲಿನಲ್ಲಿ 23ನೇ ವ್ಯಾಗನ್ನಿನ ಬೇರಿಂಗ್ ಸುಡ್ತಾ ಇದ್ರೆ ಎಂಜಿನ್‌ನಲ್ಲಿರೋರಿಗೆ ಕೇಳಿಸಲ್ಲ. ಅದಕ್ಕೇ ಹಳಿ ಪಕ್ಕ ಶಾಖ ಅಳೆಯೋ ಯಂತ್ರ ಇಡೋದು.

2023ರ ಫೆಬ್ರವರಿ 3ರ ರಾತ್ರಿ ಅಮೆರಿಕದ ಒಹಾಯೋದಲ್ಲಿ ನಾರ್ಫೋಕ್ ಸದರ್ನ್ ಕಂಪನಿಯ ರೈಲು ಇಂಥ ಮೂರು ಯಂತ್ರ ದಾಟಿತು. ಮೊದಲನೆಯದರಲ್ಲಿ ಬೇರಿಂಗ್ ಹೊರಗಿನ ಹವೆಗಿಂತ 38 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿ. ಹತ್ತು ಮೈಲಿ ಆಚೆ ಸೇಲಂನಲ್ಲಿ (ನಮ್ಮ ಪಕ್ಕದ ಸೇಲಂ ಅಲ್ಲ, ಒಹಾಯೋದ್ದು) 103. ನಿಲ್ಲಿಸಿ ನೋಡಿ ಅನ್ನೋ ಕಂಪನಿಯ ನಿಯಮ ಆಗ ಶುರುವಾಗ್ತಿದ್ದದ್ದೇ 170ಕ್ಕೆ. ರೈಲು ಮುಂದೆ ಹೋಯ್ತು. ಸೇಲಂನ ಒಂದು ಕಾರ್ಖಾನೆಯ ಸಿಸಿಟಿವಿಯಲ್ಲಿ ಆ ಗಾಲಿಯಡಿ ಬೆಂಕಿ ಹೊಳೆಯೋದು ಕಾಣುತ್ತೆ. ಮುಂದಿನ ಯಂತ್ರ ಇದ್ದದ್ದು 20 ಮೈಲಿ ದೂರ, ಈಸ್ಟ್ ಪ್ಯಾಲೆಸ್ಟೈನ್ ಊರಲ್ಲಿ. ಅಲ್ಲಿ 253. ಅಲಾರಂ ಹೊಡೀತು, ಬ್ರೇಕ್ ಹಾಕಿದ್ರು, ಅಷ್ಟರಲ್ಲಿ 38 ವ್ಯಾಗನ್ ಹಳಿ ತಪ್ಪಿದ್ವು. ಮೂರು ದಿನದ ನಂತರ ಐದು ಟ್ಯಾಂಕರ್‌ಗಳ ವಿನೈಲ್ ಕ್ಲೋರೈಡ್ ಅನ್ನೋ ವಿಷ ರಾಸಾಯನಿಕವನ್ನು ಬೇಕಂತಲೇ ಸುಟ್ಟರು. ಊರ ಮೇಲೆ ಕಪ್ಪು ಮೋಡ. ಆ ಸುಡುವಿಕೆ ಬೇಕೇ ಇರಲಿಲ್ಲ ಅಂತ ತನಿಖಾ ಮಂಡಳಿಯೇ 2024ರಲ್ಲಿ ಹೇಳಿತು.

38, 103, 253. ಯಂತ್ರ ಸುಳ್ಳು ಹೇಳಲಿಲ್ಲ. ಬಿಸಿ ಏರ್ತಾ ಇದೆ ಅನ್ನೋದು ಎರಡನೇ ಅಂಕಿಯಲ್ಲೇ ಇತ್ತು. ಅದನ್ನು ನೋಡಿ ರೈಲು ನಿಲ್ಲಿಸೋ ಕಟ್ಟಳೆ ಇರಲಿಲ್ಲ. ಎಷ್ಟು ದೂರಕ್ಕೊಂದು ಯಂತ್ರ, ಎಷ್ಟು ಬಿಸಿಗೆ ನಿಲ್ಲಿಸಬೇಕು ಅನ್ನೋದು ಆಗ ಕಂಪನಿಗಳ ಇಷ್ಟ, ಸರ್ಕಾರದ ನಿಯಮ ಅಲ್ಲ. ಇದಕ್ಕಾಗಿ ಜೆ.ಡಿ. ವ್ಯಾನ್ಸ್, ಶೆರಾಡ್ ಬ್ರೌನ್ ಅಂತ ಒಹಾಯೋದ ಆಗಿನ ಎರಡೂ ಪಕ್ಷದ ಸೆನೆಟರ್‌ಗಳು ಒಟ್ಟಿಗೆ ತಂದ ಮಸೂದೆ ಇಡೀ ಸೆನೆಟ್‌ನ ಮತಕ್ಕೇ ಬರಲಿಲ್ಲ. ನನಗೆ ಹೆಚ್ಚು ಸಂಕಟ ಆಗೋದು ಇದಕ್ಕೇ.

2025ರ ಜುಲೈ 29ರಂದು ಯೂನಿಯನ್ ಪೆಸಿಫಿಕ್ ಅನ್ನೋ ರೈಲು ಕಂಪನಿ, ಇದೇ ನಾರ್ಫೋಕ್ ಸದರ್ನನ್ನು ಕೊಳ್ಳೋದಾಗಿ ಘೋಷಿಸಿತು. ಕರಾವಳಿಯಿಂದ ಕರಾವಳಿಗೆ ಒಂದೇ ಕಂಪನಿ. ವ್ಯಾಗನ್‌ಗಳ ಕೈ ಬದಲಾವಣೆ ಕಡಿಮೆ, ಯಾರ್ಡ್‌ನಲ್ಲಿ ಕಳಚಿ ಜೋಡಿಸೋದು ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ ಅನ್ನೋ ವಾದದಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕಲಾರೆ.

ಆದರೆ ಇದೇ ಯೂನಿಯನ್ ಪೆಸಿಫಿಕ್ 1996ರಲ್ಲಿ ಸದರ್ನ್ ಪೆಸಿಫಿಕ್ ಅನ್ನೋ ಇನ್ನೊಂದು ರೈಲು ಕಂಪನಿ ಕೊಂಡಾಗ ಏನಾಯ್ತು? ಮರುವರ್ಷ ಹ್ಯೂಸ್ಟನ್ ಸುತ್ತ ರೈಲುಗಳು ಕದಲದೆ ನಿಂತ್ವು. 1997ರ ಜೂನ್‌ನಲ್ಲಿ ಟೆಕ್ಸಸ್‌ನ ಡಿವೈನ್ ಬಳಿ ಅದರ ಎರಡು ಗೂಡ್ಸ್ ರೈಲು ಡಿಕ್ಕಿಯಾಗಿ ನಾಲ್ವರು ಸತ್ತರು. ವಿಲೀನಕ್ಕೆ ಮೊದಲು ಸುರಕ್ಷತೆಯ ಯೋಜನೆ ಕೊಡಲೇಬೇಕು ಅನ್ನೋ ನಿಯಮ ಬಂದದ್ದು ಆ ಅನುಭವದ ನಂತರ.

ಯೋಜನೆ ಕಾಗದದಲ್ಲಿದ್ದರೆ ಸಾಲದು. ಈ ವಿಲೀನಕ್ಕೆ ಒಪ್ಪಿಗೆ ಕೊಡಬೇಕಾದ ಸರ್ಕಾರಿ ಸಂಸ್ಥೆ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ತನ್ನ ಆದೇಶದಲ್ಲೇ ಷರತ್ತು ಬರೀಲಿ: ವಿಷ ಸಾಗಿಸೋ ದಾರಿಯಲ್ಲಿ ಎರಡು ಯಂತ್ರಗಳ ನಡುವೆ ಇಂತಿಷ್ಟೇ ಮೈಲಿ, ಬಿಸಿ ಒಂದರಿಂದ ಇನ್ನೊಂದಕ್ಕೆ ಏರಿದ್ರೆ ಆ ಅಂಕಿ ನೇರವಾಗಿ ಎಂಜಿನ್‌ಗೆ, ರೈಲು ನಿಲ್ಲಿಸಿದವರಿಗೆ ತಡವಾಯ್ತು ಅಂತ ಶಿಕ್ಷೆ ಇಲ್ಲ.